ಗಸಿಗೆ ಬೂದಿ ಬೆರೆಸಿದ ಅಯ್ಯಪ್ಪ

ಅಯ್ಯಪ್ಪ ದೇವದುರ್ಗದ ಕಡೆಯ ಗಬ್ಬೂರಿನವನು. ಕುರಿ ಕಾಯುವ ಮನೆತನ. ನಮ್ಮೂರು ಪೋತ್ನಾಳದ ಯಶೋದಾಳನ್ನು ಮದುವೆಯಾಗಿ ಇಲ್ಲಿಗೇ ಬಂದು ನಿಂತ. ಕಾಲುವೆ ನೀರು ಹರಿದು, ಹುಲ್ಲು ಬೆಳೆಯುತ್ತಿದ್ದ ನೆಲವೆಲ್ಲ ಗದ್ದೆಯಾದ ಮೇಲೆ ಕುರಿಗಳಿಗೆ ಬಾಯಿ ಇಡುವ ಜಾಗ ಉಳಿಯಲಿಲ್ಲ. ಹಿಂಡು ಮಾರಿ, ಒಂದು ಎಮ್ಮೆ ಕಟ್ಟಿಕೊಂಡು, ಮಾನ್ವಿ ರಸ್ತೆಯ ಸಾರಾಯಿ ಕಾರ್ಖಾನೆಗೆ ಹಮಾಲಿಯಾಗಿ ಹೋದ. ಕುರಿ ಕಾದ ಬೆನ್ನು ಚೀಲ ಹೊರುವ ಬೆನ್ನಲ್ಲ. ಕೆಲವೇ ವರ್ಷಗಳಲ್ಲಿ ಅದು ಬಾಗಿದ ಬಿಲ್ಲಾಯಿತು.

ಆ ಕಾರ್ಖಾನೆಯಲ್ಲಿ ರೈಸ್ ಮಿಲ್ಲಿನ ನುಚ್ಚನ್ನು ಬೇಯಿಸಿ, ಹುಳಿಸಿ, ಸಾರಾಯಿ ಇಳಿಸುತ್ತಾರೆ. ಕೊನೆಗೆ ಉಳಿಯುವುದು ಗಂಜಿಯಂಥ ಗಸಿ. ಅದನ್ನು ಟ್ಯಾಂಕರಿನಲ್ಲಿ ತಂದು ಹಳ್ಳದ ದಂಡೆಗೆ ಸುರಿಯುತ್ತಿದ್ದರು. ಬಿಸಿಲೇರಿದರೆ ಊರಿಗೆ ಊರೇ ಮೂಗು ಮುಚ್ಚಿಕೊಳ್ಳಬೇಕು. ಅಯ್ಯಪ್ಪನ ಎಮ್ಮೆ ಮಾತ್ರ ಒಂದು ದಿನ ಹಗ್ಗ ಹರಿದುಕೊಂಡು ಹೋಗಿ ಆ ಬಿಸಿ ಗಸಿಯನ್ನು ಹೊಟ್ಟೆ ತುಂಬ ಕುಡಿದು, ಸಂಜೆ ನೊರೆ ಉಕ್ಕುವಂತೆ ಹಾಲು ಕೊಟ್ಟಿತು. ಮಾರನೆಯ ದಿನ ಅದೇ ಗಸಿಯನ್ನು ಬಕೆಟಿನಲ್ಲಿ ತಂದಿಟ್ಟರೆ ಮೂಸಿ ಮುಖ ತಿರುಗಿಸಿತು. ಕೆಟ್ಟಿತ್ತು.

ಅಲ್ಲಿಂದ ಅಯ್ಯಪ್ಪನ ತಲೆಗೆ ಹುಳ ಹೊಕ್ಕಿತು. ಜೋಳದ ಅಂಬಲಿ ಹುಳಿತರೂ ಕೆಡುವುದಿಲ್ಲ, ಗಸಿ ಯಾಕೆ ಕೆಡಬೇಕು? ಗಸಿಯ ನೀರು ಬಸಿದು, ತೌಡು ಕಲಸಿ, ತುಸು ಬೆಲ್ಲ ಹಾಕಿ, ಯಶೋದಾಳ ಅಂಬಲಿ ಗಡಿಗೆಯ ಹುಳಿಯನ್ನು ಹೆಪ್ಪಿನಂತೆ ಬಿಟ್ಟ. ನೀಲಿ ಡ್ರಮ್ಮಿನಲ್ಲಿ ಕಾಲಿನಿಂದ ತುಳಿದು ತುಂಬಿ, ಗಾಳಿ ಆಡದಂತೆ ಬಾಯಿ ಕಟ್ಟಿದ. ಮೊದಲ ಡ್ರಮ್ಮುಗಳು ಬೂಷ್ಟು ಹಿಡಿದವು. ಹಟ ಬಿಡಲಿಲ್ಲ. ಕಡೆಗೆ ಒಂದು ಡ್ರಮ್ಮು ಬಿಚ್ಚಿದಾಗ ಮಾಗಿದ ಹಣ್ಣಿನ ವಾಸನೆ ಬಂತು.

ಅದನ್ನು ಟಂಟಂ ಆಟೋದಲ್ಲಿ ಹೇರಿಕೊಂಡು ರಾಯಚೂರಿನ ಖತೀಜಾ ಬೀ ಮನೆಗೆ ಹೋದ. ಎಮ್ಮೆ ಕಟ್ಟಿ ಹಾಲು ಹಾಕುವ ಹಿರಿಯ ಹೆಂಗಸು. ಆಕೆ ಒಪ್ಪಿದ ಮೇವನ್ನು ಆ ಓಣಿಯವರೆಲ್ಲ ಕಣ್ಣು ಮುಚ್ಚಿ ಒಪ್ಪುತ್ತಾರೆ. ಆಕೆ ಚಿಟಿಕೆ ಗಸಿಯನ್ನು ನಾಲಿಗೆಗೆ ಹಚ್ಚಿಕೊಂಡಳು.

"ಅಯ್ಯಪ್ಪ, ಸೊಸಿ ಮಾಡೋ ಸಾರಿಗಿಂತ ಇದಕ್ಕ ರುಚಿ ಅದ ನೋಡು."

"ಆಪಾ, ಸೊಸಿ ಮುಂದ ಹೇಳಬ್ಯಾಡ್ರಿ, ನಾಳಿಂದ ನಿಮಗ ಇದನ್ನೇ ನೀಡ್ಯಾಳು."

ಒಳಗಿನಿಂದ ಸೊಸೆ ಗುಲ್ಫಶಾ, "ಕೇಳಿಸಾಕತ್ತದರೀ," ಅಂದಳು.

ಓಣಿಯ ಎಮ್ಮೆಗಳೆಲ್ಲ ಅಯ್ಯಪ್ಪನ ಗಸಿಗೆ ಬಾಯಿ ಹಾಕಿದವು. ಅವನು ಹಮಾಲಿ ಬಿಟ್ಟ. ಸಾಗಿಸುವ ಖರ್ಚು ಉಳಿಯಿತೆಂದು ಕಾರ್ಖಾನೆಯವರೂ ಗಸಿಯನ್ನು ಪುಕ್ಕಟೆ ಕೊಟ್ಟರು. ಬೆನ್ನು ನೆಟ್ಟಗಾಗದಿದ್ದರೂ ಮುಖ ನೆಟ್ಟಗಾಯಿತು.

ಆಮೇಲೆ ಮಳೆಗಾಲ ಬಂತು. ಗಸಿ ಬಸಿಯುವ ಜಾಗದಲ್ಲಿ ನೊಣ ಮುತ್ತಿ, ಡ್ರಮ್ಮಿನ ಅಂಚಿನಲ್ಲಿ ಹುಳ ಹರಿದಾಡಿದವು. ನಮ್ಮ ಸೀಮೆಯಲ್ಲಿ ಹುಳಕ್ಕೆ ಒಂದೇ ಮದ್ದು. ಬಿತ್ತನೆ ತೊಗರಿಗೆ ಒಲೆಯ ಬೂದಿ ಬೆರೆಸಿಟ್ಟರೆ ವರ್ಷಗಟ್ಟಲೆ ಹುಳ ಮುಟ್ಟುವುದಿಲ್ಲ. ಇದು ನಮ್ಮ ಅಜ್ಜನ ಅಜ್ಜನಿಗೂ ಗೊತ್ತಿದ್ದ ಮಾತು.

"ಗಸಿಗೂ ಬೂದಿ ಹಾಕ್ತೀನಿ," ಅಂದ ಅಯ್ಯಪ್ಪ.

"ತೊಗರಿ ಒಣಾ ಇರ್ತದ, ಇದು ಹಸೀದು," ಅಂದಳು ಯಶೋದಾ.

"ಹುಳಕ್ಕ ಒಣಾ ಯಾವ್ದು ಹಸಿ ಯಾವ್ದು ಅಂತ ಗೊತ್ತೇನಲೇ?"

"ಹಾಕು ಹಂಗಾರ. ಬೂದಿ ಎಲ್ಲಿಂದ ತರ್ತಿ? ಗ್ಯಾಸ್ ಬಂದಾಗಿಂದ ನಮ್ಮ ಒಲಿ ಬಾಯೇ ತೆಗ್ದಿಲ್ಲ."

ಊರಿನ ಯಾವ ಮನೆಯಲ್ಲೂ ಒಂದು ಮೊರದಷ್ಟು ಬೂದಿ ಹುಟ್ಟಲಿಲ್ಲ. ಶಕ್ತಿನಗರದ ಕರೆಂಟು ಕಾರ್ಖಾನೆಯ ಕಲ್ಲಿದ್ದಲ ಬೂದಿ ತಂದು ಇಟ್ಟಿಗೆ ಹೊಯ್ಯುವ ಶೆಡ್ಡು ರಸ್ತೆ ಬದಿಯಲ್ಲೇ ಇತ್ತು. ಅಲ್ಲಿ ಕಲಸಲು ಇಟ್ಟಿದ್ದ ರಾಶಿಯಿಂದ ಚೀಲ ತುಂಬಿಕೊಂಡು ಬಂದ. ಅದರಲ್ಲಿ ಸುಣ್ಣ ಬೆರೆತಿದೆಯೇ ಎಂದು ಅವನು ಕೇಳಲಿಲ್ಲ, ಅವರು ಹೇಳಲಿಲ್ಲ. ಬೂದಿ ಎಂದರೆ ಬೂದಿ. ಗಸಿಯ ಪದರು ಪದರಿಗೂ ಉದುರಿಸಿ ಡ್ರಮ್ಮಿನ ಬಾಯಿ ಕಟ್ಟಿದ. ಬಿಚ್ಚಿ ನೋಡಿದರೆ ಗಾಳಿ ಸೇರೀತೆಂದು ಹಾಗೆಯೇ ರಾಯಚೂರಿಗೆ ಸಾಗಿಸಿದ.

ಆ ದಿನ ಖತೀಜಾ ಬೀ ಮಾನ್ವಿಯ ಒಂದು ಮದುವೆಗೆ ಹೋಗಿದ್ದಳು. ಡ್ರಮ್ಮು ಬಿಚ್ಚಿದವಳು ಗುಲ್ಫಶಾ. ವಾಸನೆ ಗಬ್ ಎಂದಿತು. ಹುಳಿಸಿದ ಗಸಿಗೆ ವಾಸನೆ ಇದ್ದದ್ದೇ, ಅಯ್ಯಪ್ಪಣ್ಣ ಕೊಟ್ಟದ್ದಲ್ಲವೇ ಎಂದುಕೊಂಡು ಮೇವಿನ ಗೋದಲಿಗೆ ಸುರಿದಳು. ಉಳಿದ ಎಮ್ಮೆಗಳು ಹಿಂದೆ ಸರಿದವು. ತುಂಬಿದ ಗಬ್ಬದ ಒಂದು ಎಮ್ಮೆ ಹಸಿವಿಗೆ ತಿಂದುಬಿಟ್ಟಿತು. ಖತೀಜಾ ಬೀ ಮದುವೆಯಿಂದ ಬರುವ ಹೊತ್ತಿಗೆ ಅದು ಹೊಟ್ಟೆಯುಬ್ಬಿ, ಕರುವನ್ನು ಒಳಗಿಟ್ಟುಕೊಂಡೇ ಸತ್ತಿತ್ತು.

ದನದ ಡಾಕ್ಟರು ಡ್ರಮ್ಮಿಗೆ ಕೈ ಹಾಕಿ ನೋಡಿ ಹೇಳಿದರು: ಗಸಿಯನ್ನು ಕಾಯುವುದು ಅದರ ಹುಳಿ. ಸುಣ್ಣ ಆ ಹುಳಿಯನ್ನು ಮುರಿಯಿತು, ಹುಳಿ ಮುರಿದ ಕಡೆ ಕೊಳೆ ಹೊಕ್ಕಿತು.

ಸುದ್ದಿ ಓಣಿ ದಾಟಲು ಹೊತ್ತು ಹಿಡಿಯಲಿಲ್ಲ. ಒಳ್ಳೆಯ ಡ್ರಮ್ಮುಗಳೂ ಬಾಯಿ ಬಿಚ್ಚದೆ ವಾಪಸು ಬಂದವು. ಅಯ್ಯಪ್ಪ ಬೂದಿ ಬಿಟ್ಟು, ಮೊದಲಿನ ಹಾಗೆಯೇ ಶುದ್ಧವಾಗಿ ಇನ್ನೊಂದು ಡ್ರಮ್ಮು ಮಾಡಿದ. ವಾಸನೆ ಚೆನ್ನಾಗಿತ್ತು, ನಾನೇ ಮೂಸಿ ನೋಡಿದ್ದೇನೆ. ಅವನ ಸ್ವಂತ ಎಮ್ಮೆ ತಿಂದು ಆರಾಮಾಗಿತ್ತು. ಖತೀಜಾ ಬೀ ಒಬ್ಬಳು ಹೂಂ ಅಂದರೆ ಸಾಕು, ಮತ್ತೆ ಚೀಲಕ್ಕೆ ಬೆನ್ನು ಕೊಡುವುದು ತಪ್ಪುತ್ತದೆ. ಜೊತೆಗೆ ಬಾ ಎಂದು ನನ್ನನ್ನೂ ಕರೆದ.

ಆಕೆ ಬೈಯಲಿಲ್ಲ. ಇಬ್ಬರಿಗೂ ಚಹಾ ಕೊಟ್ಟಳು. ಅಯ್ಯಪ್ಪ ಡ್ರಮ್ಮು ಬಿಚ್ಚಿ, ಒಂದು ಹಿಡಿ ಗಸಿಯನ್ನು ಆಕೆಯ ಕಣ್ಣೆದುರಿಗೇ ಬಾಯಿಗೆ ಹಾಕಿ ಜಗಿದು ನುಂಗಿದ.

"ನೋಡ್ರಿ ಆಪಾ. ನಂಗೇನೂ ಆಗಂಗಿಲ್ಲ."

"ನೀ ತಿಂದು ಬದುಕಿದ್ರ ನಂಗೇನು ಹಾಲು ಬರ್ತದೇನಪ್ಪಾ?"

"ಒಂದು ಎಮ್ಮಿಗಷ್ಟೇ ಹಾಕಿ ನೋಡ್ರಿ."

"ಯಾವ ಎಮ್ಮಿಗಿ ಹಾಕ್ಲಿ? ನೀನ ಆರಿಸಿ ಹೇಳು."

ಗೋದಲಿಯ ಮುಂದೆ ಎಮ್ಮೆಗಳು ಸಾಲಾಗಿ ನಿಂತಿದ್ದವು. ಕುರಿ ಕಾದವನು. ಆ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಯಾವುದಕ್ಕೂ ಕೈ ಎತ್ತಿ ತೋರಿಸಲಾರದೆ, ಡ್ರಮ್ಮಿನ ಬಾಯಿ ಮತ್ತೆ ಕಟ್ಟಿದ.

ಮರುವಾರ ಕಾರ್ಖಾನೆಯ ಗೇಟಿನ ಮುಂದೆ ಹಮಾಲರ ಸಾಲಿನಲ್ಲಿ ಅವನನ್ನು ಕಂಡೆ. ಈ ಬೆನ್ನಿಗೆ ಚೀಲ ಬೇಡವೆಂದು ಮೇಸ್ತ್ರಿ ಟ್ಯಾಂಕರಿನ ಕೆಲಸಕ್ಕೆ ಹಾಕಿದ. ಈಗ ಅಯ್ಯಪ್ಪನ ಕೆಲಸ ಹಳ್ಳದ ದಂಡೆಯಲ್ಲಿ ಇಳಿದು, ಟ್ಯಾಂಕರಿನ ಹಿಂದಿನ ನಳ ಬಿಚ್ಚುವುದು. ಗಸಿ ಬಿಸಿಬಿಸಿಯಾಗಿ, ಹಬೆಯಾಡುತ್ತ ಹಳ್ಳಕ್ಕೆ ಹರಿಯುತ್ತದೆ. ಅದು ಖಾಲಿಯಾಗುವವರೆಗೆ ಅವನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿರುತ್ತಾನೆ.