ಕುಳ್ಳನ ಹೊಟ್ಟೆಗೆ ಹಾಕಿಸಿದ ಹೊಲಿಗೆ

ನನ್ನ ಗೆಳೆಯ ಟೈಲರ್. ಬೀದಿಯ ತಿರುವಿನಲ್ಲಿ ಎರಡು ಮಿಷನ್ನಿನ ಅಂಗಡಿ, ಅದರ ಮೇಲೆ ಮನೆ. ಮದುವೆಯಾಗಲಿಲ್ಲ, ಅಕ್ಕನ ಜೊತೆ ಇದ್ದ. ಹೋದ ತಿಂಗಳು ಯಾರದೋ ಕೋಟಿಗೆ ತೋಳು ಜೋಡಿಸುತ್ತಾ ಕುಳಿತಲ್ಲೇ ಎದೆನೋವು ಬಂದು ತೀರಿಕೊಂಡ. ನಾಯಿಗೆ ವರ್ಷಕ್ಕೊಮ್ಮೆ ತಪ್ಪದೆ ಹೃದಯದ ಪರೀಕ್ಷೆ ಮಾಡಿಸುತ್ತಿದ್ದವನು ತನ್ನ ಎದೆಯನ್ನು ಒಮ್ಮೆಯೂ ಯಾರಿಗೂ ತೋರಿಸಿರಲಿಲ್ಲ.

ನಾಯಿ ಗ್ರೇಟ್ ಡೇನ್ ಜಾತಿಯದು. ನಿಂತರೆ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಗದ್ದ ಊರುವಷ್ಟು ಎತ್ತರ. ಅದಕ್ಕೆ ಕುಳ್ಳ ಎಂದು ಹೆಸರಿಟ್ಟಿದ್ದ. ಮರಿಯಾಗಿದ್ದಾಗಲೇ ಡಾಕ್ಟರಮ್ಮ ಎಚ್ಚರಿಸಿದ್ದರು: ಈ ಜಾತಿಗೆ ಸೊಂಟದ ಕೀಲು, ಹೃದಯ, ಹೊಟ್ಟೆ, ಈ ಮೂರೂ ಯಾವಾಗ ಕೈಕೊಡುತ್ತವೋ ಹೇಳಲಾಗದು. ಎಳೆಯ ಕೀಲುಗಳಿಗೆ ಮೆಟ್ಟಿಲು ಒಳ್ಳೆಯದಲ್ಲ ಅಂದದ್ದೇ ತಡ, ಇವನು ಒಂದೂವರೆ ವರ್ಷ ಹಾಸಿಗೆಯನ್ನು ಅಂಗಡಿಗೇ ಇಳಿಸಿ ನಾಯಿಯ ಜೊತೆ ಮಲಗಿದ. ಮೈ ಬಂದರೆ ಕೀಲಿಗೆ ಭಾರವೆಂದು ಅಳೆದೇ ಊಟ ಹಾಕುತ್ತಿದ್ದ. ಗಿರಾಕಿಗಳ ಅಳತೆ ಪುಸ್ತಕದಲ್ಲಿ ಕುಳ್ಳನಿಗೂ ಒಂದು ಪುಟವಿತ್ತು: ಎದೆ, ಸೊಂಟ, ವಾರ ವಾರ. ಎದುರಿನ ಇಸ್ತ್ರಿಯವನು, ನಾಯಿಯನ್ನೂ ಟೈಟ್ ಫಿಟಿಂಗಲ್ಲೇ ಇಟ್ಟಿದ್ದೀಯಲ್ಲ ಮಾರಾಯ ಎಂದು ಅಣಕಿಸುತ್ತಿದ್ದ.

ಹೊಟ್ಟೆಯದೇ ದೊಡ್ಡ ಭಯ. ಗಬಗಬನೆ ಹೆಚ್ಚು ತಿಂದು ಓಡಾಡಿದರೆ ಗಾಳಿ ತುಂಬಿಕೊಂಡು ಜಠರವೇ ತಿರುಚಿಕೊಳ್ಳಬಹುದು. ತಿರುಚಿತೆಂದರೆ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗುತ್ತದೆ. ಅದಕ್ಕೇ ದಿನಕ್ಕೆ ಮೂರು ಸಣ್ಣ ಊಟ, ಪ್ರತಿ ಊಟದ ಮೇಲೂ ಒಂದು ಗಂಟೆ ವಿಶ್ರಾಂತಿ. ಮುಂಚಿತವಾಗಿಯೇ ಆಪರೇಷನ್ ಮಾಡಿ ಜಠರವನ್ನು ಹೊಟ್ಟೆಯ ಒಳಗೋಡೆಗೆ ಹೊಲಿದುಬಿಟ್ಟರೆ ತಿರುಚುವ ಭಯ ಬಹುಪಾಲು ತಪ್ಪುತ್ತದೆ ಎಂದರು ಡಾಕ್ಟರಮ್ಮ. ಇವನು ಸರಿಯೆಂದ. ನಾನು ಸಿಡಿದೆ.

"ಚೆನ್ನಾಗಿರೋ ನಾಯಿಗೆ ಕತ್ತರಿ ಹಾಕಿಸ್ತೀಯಾ? ಇರಲಾರದೆ ಇರುವೆ ಬಿಟ್ಕೊಂಡ ಹಾಗಾಯ್ತು."

"ಕೋಟಿನ ಒಳಗೆ ಲೈನಿಂಗ್ ಸರಿಯದ ಹಾಗೆ ಒಂದು ಟಾಕಾ ಹಾಕ್ತೀವಲ್ಲ, ಅಷ್ಟೇ ಕಣೋ. ನಿನ್ನ ಕೋಟಲ್ಲೂ ಇದೆ. ಯಾವತ್ತಾದ್ರೂ ಚುಚ್ಚಿತಾ?"

ನಾಯಿಗೇನಾದರೂ ಆದರೆ ಈ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಅಂದುಬಿಟ್ಟೆ. ಅವನು ಮತ್ತೆ ಆ ಮಾತೆತ್ತಲಿಲ್ಲ. ನಾನು ಗೆದ್ದೆನೆಂದುಕೊಂಡೆ. ಆಮೇಲೆ ಮಗಳ ಮನೆಗೆ ಹೋಗಿ ಎರಡು ವಾರ ಇದ್ದು ಬಂದಾಗ ಕುಳ್ಳನ ಮೈಮೇಲೆ ಹೊಸ ಅಂಗಿಯಿತ್ತು, ಹೊಟ್ಟೆಯ ಕೆಳಗೆ ಸಾಲಾಗಿ ಗುಂಡಿಗಳು. ಇದೇನೋ ಎಂದರೆ, ಚಳಿ ಕಣೋ ಅಂದ. ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಅವನು ಹೋದ ಮೇಲೆ ಕುಳ್ಳ ಎರಡು ದಿನ ಬಟ್ಟಲು ಮೂಸಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅಕ್ಕ ಹಾಕಿದ್ದನ್ನು ತಿಂದ. ಬಂದುಹೋಗುವವರು ಒಬ್ಬರೇ ಇಬ್ಬರೇ? ಪಾಪ, ಮೂಕಪ್ರಾಣಿ ಉಪವಾಸವಿದೆ ಎಂದು ಪ್ರತಿಯೊಬ್ಬರೂ ಏನಾದರೂ ತಿನ್ನಿಸಿದರು. ತನ್ನ ಕೈಯಿಂದಲೇ ತಿಂದಿತು ಎಂದು ಪ್ರತಿಯೊಬ್ಬರಿಗೂ ಸಮಾಧಾನ. ನಾನೂ ಒಂದು ಬಟ್ಟಲು ತುಂಬಾ ಹಾಕಿ ತಲೆ ಸವರಿದೆ.

ಮಧ್ಯಾಹ್ನ ಕುಳ್ಳ ನಿಂತಲ್ಲಿ ನಿಲ್ಲಲಿಲ್ಲ. ವಾಂತಿಗೆ ಒತ್ತರಿಸಿದರೆ ಬರೀ ನೊರೆ. ಅಕ್ಕ ಟೇಪು ತಂದು ಹೊಟ್ಟೆ ಸುತ್ತ ಹಿಡಿದಳು, ಅಳತೆ ಪುಸ್ತಕ ತೆರೆದಳು. ಏಳು ಇಂಚು ಹೆಚ್ಚು.

"ಇವನನ್ನೂ ಕಳಿಸಿಕೊಡೋಕೆ ನನ್ನ ಕೈಲಾಗಲ್ಲ ಕಣೋ," ಅಂದಳು.

ಇಸ್ತ್ರಿಯವನು ತನ್ನ ಗೂಡ್ಸ್ ಆಟೋ ತಂದ. ಹಿಂದೆ ಕುಳ್ಳನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಹೊಟ್ಟೆ ತಮಟೆಯ ಹಾಗೆ ಬಿಗಿದಿತ್ತು. ದಾರಿಯುದ್ದಕ್ಕೂ ತಲೆಯಲ್ಲಿ ಇದ್ದದ್ದು ಒಂದೇ: ಆ ಹೊಲಿಗೆ ಬೇಡವೆಂದವನು ನಾನು.

ಆಸ್ಪತ್ರೆಯ ಬೆಂಚಿನ ಮೇಲೆ ಒಂದು ಗಂಟೆ ಕುಳಿತೆವು. ಡಾಕ್ಟರಮ್ಮ ಕೈ ಒರೆಸಿಕೊಳ್ಳುತ್ತಾ ಬಂದರು.

"ಟ್ಯೂಬ್ ಹಾಕಿ ಗಾಳಿ ತೆಗೆದಿದ್ದೀನಿ. ಎಕ್ಸ್‌ರೇ ನೋಡ್ದೆ, ಹೊಟ್ಟೆ ತಿರುಚಿಲ್ಲ. ಹೊಲಿಗೆ ಕಾಪಾಡ್ತು."

"ಯಾವ ಹೊಲಿಗೆ?" ಎಂದೆ.

ಅವರು ಅಕ್ಕನ ಮುಖ ನೋಡಿದರು. ಮೂರು ವರ್ಷದ ಹಿಂದೆಯೇ ಹಾಕಿಸಿದ್ದನಂತೆ. ದಾರ ಯಾವುದು, ಎಷ್ಟು ಟಾಕಾ, ಬಿಚ್ಚಿಕೊಂಡರೆ ಗತಿಯೇನು ಎಂದು ಅರ್ಧ ದಿನ ಅವರ ತಲೆ ತಿಂದಿದ್ದನಂತೆ. "ನನ್ನ ಗೆಳೆಯನ ಕಿವಿಗೆ ಬೀಳದಿರಲಿ, ಅವನಿಗೇ ಜ್ವರ ಬರುತ್ತೆ ಅಂದಿದ್ರು," ಎಂದು ನಕ್ಕರು.

ಆ ಚಳಿಯ ಅಂಗಿ, ಹೊಟ್ಟೆಯ ಕೆಳಗಿನ ಗುಂಡಿಗಳು. ಗಾಯ ನೆಕ್ಕದಿರಲೆಂದು ಹೊಲಿದದ್ದು! ಅವನು ಸತ್ತಾಗ ಬಾರದ ಅಳು ಆ ಬೆಂಚಿನ ಮೇಲೆ ಬಂತು, ಜೊತೆಗೆ ನಗುವೂ. ಅಕ್ಕ ಬೆನ್ನು ಸವರಿ, "ನಿನಗೆ ಮೋಸ ಮಾಡಿದ್ದು ಅದೊಂದೇ ಸಲ ಕಣೋ," ಅಂದಳು.

ಕುಳ್ಳ ಮಾರನೆಯ ದಿನ ತನ್ನ ಕಾಲ ಮೇಲೆ ನಡೆದುಕೊಂಡೇ ಮನೆಗೆ ಬಂದ. ಈಗ ಅಂಗಡಿ ಬಾಗಿಲಿಗೆ ರಟ್ಟಿನ ಬೋರ್ಡು ನೇತುಹಾಕಿದ್ದೇವೆ: "ಕುಳ್ಳನಿಗೆ ಊಟ ಆಗಿದೆ." ಇಸ್ತ್ರಿಯವನು ದಿನವೂ ಅದನ್ನು ಗಟ್ಟಿಯಾಗಿ ಓದಿ, ನಾಯಿಯ ಮುಖ ನೋಡಿ, ಈ ಸಾಕ್ಷಿ ಬೇರೆಯೇ ಹೇಳ್ತಿದೆಯಲ್ಲ ಅನ್ನುತ್ತಾನೆ. ಭಾನುವಾರ ಟೇಪು ಹಿಡಿಯುವುದು ನನ್ನ ಕೆಲಸ. ಪುಸ್ತಕದಲ್ಲಿ ಅವನ ಅಕ್ಷರ ನಿಂತ ಸಾಲಿನ ಕೆಳಗೇ ಬರೆಯುತ್ತೇನೆ. ಹೋದ ವಾರ ಸೊಂಟ ಅವನು ಬರೆದಿಟ್ಟಷ್ಟೇ ಇತ್ತು.