ಕೆಸರಿನಾಳಕ್ಕಿಳಿದ ತಿಸ್ರ್ಯೊ

ಗೋವಾಕ್ಕೆ ಬಂದ ಹೊಸತರಲ್ಲಿ ನದಿಗೆ ಕಾಲಿಟ್ಟರೆ ನೀರು ನನ್ನನ್ನು ಬಿಟ್ಟು ಹಿಂದಕ್ಕೆ ಸರಿಯತೊಡಗಿತು. ಬಿಜಾಪುರದ ಕಡೆಯವಳಾದ ನಾನು ಹರಿಯುವ ಹಳ್ಳ, ಒಣಗಿದ ಹಳ್ಳ ಎರಡನ್ನೂ ಕಂಡಿದ್ದೆ. ದಿನಕ್ಕೆರಡು ಸಲ ಸಮುದ್ರಕ್ಕೆ ಹೋಗಿಬರುವ ನೀರನ್ನು ಕಂಡಿರಲಿಲ್ಲ.

ಅದು ಎಂಬತ್ತರ ದಶಕದ ಕೊನೆ. ಗಂಡನಿಗೆ ಕೆಪೆ ಊರಿನಲ್ಲಿ ಮನೆ ಕಟ್ಟುವ ಗೌಂಡಿ ಕೆಲಸ. ನಮಗೆ ಕೋಣೆ ಕೊಟ್ಟ ನತಾಲಿನ್ ಬಾಯಿ ಸಾಳ ನದಿಯ ಅಳಿವೆಯಲ್ಲಿ ಚಿಪ್ಪುಜೀವಿಗಳನ್ನು ಆರಿಸಿ ಮಡಗಾಂವ್ ಪೇಟೆಯಲ್ಲಿ ಮಾರುತ್ತಿದ್ದಳು. ಅವಕ್ಕೆ ಕೊಂಕಣಿಯಲ್ಲಿ ತಿಸ್ರ್ಯೊ ಎನ್ನುತ್ತಾರೆ. ನಾನೂ ಜೊತೆಗೆ ಹೊರಟೆ. ಉಳಿದ ಹೆಂಗಸರಿಗೆ ನಾನು ‘ಘಾಟಿ’, ಅಂದರೆ ಘಟ್ಟದ ಮೇಲಿನ ದಡ್ಡಿ. ಮೊದಲ ತಿಂಗಳು ಆ ಚಿಪ್ಪುಗಳ ವಾಸನೆಗೆ ಊಟ ಸೇರಲಿಲ್ಲ; ಆಮೇಲೆ ನತಾಲಿನ್ ಕಾಯಿತುರಿ ಹಾಕಿ ಮಾಡಿದ ತಿಸ್ರ್ಯೊ ಪಲ್ಯವನ್ನು ರೊಟ್ಟಿಗೆ ಹಚ್ಚಿಕೊಂಡು ತಿಂದೆ.

ಒಂದು ಮೇ ತಿಂಗಳು ಬಿಸಿಲು ವಿಪರೀತವಾಯಿತು. ಇಳಿತದಲ್ಲಿ ಉಳಿದ ನೀರು ಕಾಲು ಸುಡುತ್ತಿತ್ತು. ಕೆಸರಿನ ಮೇಲೆ ಬಾಯ್ದೆರೆದು ಸತ್ತ ಚಿಪ್ಪುಗಳಷ್ಟೇ ಇದ್ದವು. ಎರಡು ವಾರ ಬುಟ್ಟಿ ಖಾಲಿ.

“ತಿಸ್ರ್ಯೊ ನಾಂತ್,” ಎಂದಳು ನತಾಲಿನ್. ಒಂದೂ ಇಲ್ಲ, ನಾಳೆಯಿಂದ ಬರುವುದೇ ಬೇಡ ಎಂದು ಬುಟ್ಟಿ ಬೋರಲು ಹಾಕಿ ಕುಳಿತಳು.

ನನ್ನ ಮನಸ್ಸು ಒಪ್ಪಲಿಲ್ಲ. ಬೇಸಿಗೆಯಲ್ಲಿ ಹಳ್ಳದ ಉಸುಕು ತೋಡಿ ಕುಡಿಯುವ ನೀರು ತಂದವಳು ನಾನು. ಮೇಲೆ ಸುಟ್ಟರೂ ಒಳಗೆ ತಂಪಿರುತ್ತದೆಂದು ನನ್ನ ಕೈಗೆ ಗೊತ್ತು. ಕೆಸರಿಗೆ ಕೈ ತೂರಿದೆ. ಮಣಿಕಟ್ಟು ದಾಟಿದ ಮೇಲೆ ತಂಪು ಹತ್ತಿತು. ಅಲ್ಲಿ ಬಾಯಿ ಬಿಗಿದು ಕುಳಿತ ತಿಸ್ರ್ಯೊ ಬೆರಳಿಗೆ ಸಿಕ್ಕವು.

“ಸತ್ತಿಲ್ರಿ ಬಾಯಿ, ತಂಪಿಗಂತ ಕೆಳಗ ಇಳದಾವ. ಕೈ ಹಾಕಿ ನೋಡ್ರಿ.”

ಅವಳು ಕೈ ಹಾಕಿದಳು. ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಎದ್ದು ಎಲ್ಲರನ್ನೂ ಕರೆದು, “ಶಾಂತವ್ವನ್ನ ಕೇಳಿ, ಎಷ್ಟು ಆಳ ಅಂತ ಹೇಳ್ತಾಳೆ,” ಎಂದು ಕೊಂಕಣಿಯಲ್ಲಿ ಸಾರಿದಳು. ಆ ದಂಡೆಯ ಮೇಲೆ ನನ್ನ ಹೆಸರು ಕೇಳಿಸಿದ್ದು ಅದೇ ಮೊದಲು.

ಹೆಂಗಸರು ಸಿಕ್ಕಿದ್ದನ್ನೆಲ್ಲ ಬಾಚತೊಡಗಿದಾಗ ನಾನು ತಡೆದೆ. “ಸಣ್ಣವು ಬಿಡ್ರಿ. ಇಷ್ಟ ಬಿಸಿ ತಡಕೊಂಡ ಉಳದಾವ, ಬೀಜಕ್ಕ ಬೇಕು.” ಕೆಲವರು ಗೊಣಗಿದರು. ನತಾಲಿನ್ ತನ್ನ ಬುಟ್ಟಿಯ ಸಣ್ಣವನ್ನು ಮೊದಲು ಕೆಸರಿಗೆ ಹಾಕಿದಳು. ಮರುವರ್ಷ ಅದೇ ಜಾಗದಲ್ಲಿ ಬುಟ್ಟಿ ತುಂಬಿತು. ಇಂದಿಗೂ ಅದನ್ನು ನೆನೆದರೆ ಎದೆ ಉಬ್ಬುತ್ತದೆ.

ಬುಟ್ಟಿ ತುಂಬಿದ ಆ ವರ್ಷ ಊರಿಗೆ ಹೋದಾಗ, ಹಳ್ಳಕ್ಕೆ ಬಟ್ಟೆ ಒಗೆಯಲು ಹೊರಟ ತಂಗಿಯನ್ನು, “ನೀರು ಯಾವಾಗ ಇಳೀತದ?” ಎಂದು ಕೇಳಿಬಿಟ್ಟೆ. ಅವಳು ನನ್ನ ಮುಖವನ್ನೇ ನೋಡಿದಳು.

“ಇಲ್ಲಿ ನೀರು ಇಳಿಯೂದಿಲ್ಲಕ್ಕ, ಬತ್ತತದ.”

ಇಬ್ಬರೂ ನಕ್ಕೆವು. ಅವಳು ಬೇಗ ನಗು ನಿಲ್ಲಿಸಿದಳು; ಅಕ್ಕ ಈಗ ಗೋವಾದವಳಾದಳು ಎಂದು ಅವಳಿಗೆ ಅನಿಸಿರಬೇಕು.