ಎಂಟು ಚಿತ್ರಗಳ ರೋಬೋಟ್

ಮಕ್ಕಳಿಗೆ ಚಿತ್ರ ಕಲಿಸುತ್ತಾ ಮೂವತ್ತೊಂದು ವರ್ಷ ಸವೆಸಿದ ಆ ಹೆಂಗಸಿಗೆ ಬೀದಿಯವರು ಇಟ್ಟ ಹೆಸರು ಕಡ್ಡಿ ಟೀಚರ್. ಮೈಕಟ್ಟು ಕಡ್ಡಿಯ ಹಾಗಿತ್ತು, ಮಾತೂ ಕಡ್ಡಿ ತುಂಡು ಮಾಡಿದ ಹಾಗೆ. ನಿವೃತ್ತಿಯಾದ ಮೇಲೆ, ಚಿತ್ರ ಬಿಡಿಸಲು ಏನೇನೂ ಬಾರದವರಿಗಾಗಿ ಒಂದು ಪುಸ್ತಕ ಮಾಡಲು ಕೂತರು. ಮೊದಲ ಪಾಠ ಒಂದು ಕಾರ್ಟೂನ್ ರೋಬೋಟ್. ಹೂವು, ಬೆಕ್ಕು ಎಲ್ಲ ಬಿಟ್ಟು ಇದ್ಯಾಕೆ ಎಂದವರಿಗೆ ಅವರ ಉತ್ತರ ಸಿದ್ಧವಿತ್ತು.

"ಬೆಕ್ಕಿನ ಕಿವಿ ಸೊಟ್ಟಗಾದ್ರೆ ನೋಡಿದವರೆಲ್ಲ ನಗ್ತಾರೆ. ರೋಬೋಟಿನ ಅಪ್ಪ ಅಮ್ಮನ್ನ ಯಾರು ಕಂಡಿದಾರೆ?"

ಪಾಠ ಕಟ್ಟುವುದರಲ್ಲಿ ಅವರದೇ ಒಂದು ಪದ್ಧತಿ ಇತ್ತು. ಮೊದಲು ಇಡೀ ರೋಬೋಟ್ ಬಿಡಿಸುವುದು. ಆಮೇಲೆ ಒಂದೊಂದೇ ಗೆರೆ ಕಳಚುತ್ತಾ, ಬರಿಯ ಚೌಕವೊಂದು ಉಳಿಯುವ ತನಕ ಹಿಂದಕ್ಕೆ ಬರುವುದು. ಆ ಹಂತಗಳನ್ನು ಅಕ್ಕನ ಮುಂದಿಟ್ಟು, ಆಕೆ ಎಲ್ಲಿ ಪೆನ್ಸಿಲ್ ಎತ್ತಿ ತಲೆ ಕೆರೆದುಕೊಳ್ಳುತ್ತಾಳೋ ಅಲ್ಲೊಂದು ಹೊಸ ಚಿತ್ರ ಸೇರಿಸುವುದು.

ಜೊತೆಯಲ್ಲೇ ಇದ್ದ ಅಕ್ಕನಿಗೆ ಎಪ್ಪತ್ತು. ಮೂರನೆಯ ತರಗತಿಯಲ್ಲಿ ಮೇಷ್ಟರೊಬ್ಬರು ಆಕೆಯ ಹಾಳೆ ಎತ್ತಿ ಹಿಡಿದು, "ಇದನ್ನ ಬಿಡಿಸಿದ್ದು ಕೈಯೋ ಕಾಲೋ?" ಎಂದು ತರಗತಿಯನ್ನೆಲ್ಲ ನಗಿಸಿದ್ದರು. ಅಂದಿನಿಂದ ಅಕ್ಕ ಗೆರೆಯ ಗೋಜಿಗೆ ಹೋದವಳಲ್ಲ. ಬಟ್ಟೆ ಹೊಲಿಯುವಾಗಲೂ ಸೀಮೆಸುಣ್ಣದ ಗುರುತು ಹಾಕುತ್ತಿರಲಿಲ್ಲ. ಹಳೆಯ ಅಂಗಿಯನ್ನು ಮೇಲಿಟ್ಟು ಅದರ ಅಂಚಿಗೇ ಕತ್ತರಿ ಓಡಿಸುತ್ತಿದ್ದಳು. ಅವಳನ್ನು ಕಾಗದದ ಮುಂದೆ ಕೂರಿಸಲು ತಂಗಿಗೆ ಎರಡು ತಿಂಗಳು ಹಿಡಿಯಿತು. ಅಕ್ಕ ತಡವರಿಸಿದಂತೆಲ್ಲ ಪಾಠ ಐದು ಚಿತ್ರಗಳಿಂದ ಎಂಟಕ್ಕೆ ಬೆಳೆಯಿತು. ಎಂಟಾದ ದಿನ ಅಕ್ಕನ ಹಾಳೆಯ ಮೇಲೆ ರೋಬೋಟ್ ಎದ್ದು ನಿಂತಿತು: ಚೌಕದ ತಲೆ, ಸ್ಪ್ರಿಂಗಿನ ಕೈ, ನೆತ್ತಿಯ ಮೇಲೊಂದು ಬಲ್ಬು. ಅದನ್ನು ಅವಳು ಹಾಲು ತರುವವಳಿಗೂ ತೋರಿಸಿದಳು.

ಪುಸ್ತಕ ಅಚ್ಚಿಗೆ ಹೋಯಿತು. ತಿದ್ದಿ ಕೊಡಬೇಕಾದ ಪ್ರೂಫ್ ಬಂದ ಬೆಳಿಗ್ಗೆ ಟೀಚರ್ ಸ್ನಾನಕ್ಕೆ ಹೋಗಿದ್ದರು. ಬಂದು ನೋಡಿದರೆ ಅಕ್ಕ ಪ್ರೂಫ್ ನೋಡಿಕೊಂಡು ರೋಬೋಟ್ ಬಿಡಿಸಲು ಕೂತು, ರಬ್ಬರಿನಿಂದ ಉಜ್ಜಿ ಉಜ್ಜಿ ತನ್ನ ಕಾಗದ ತೂತು ಮಾಡಿದ್ದಳು.

"ಆವತ್ತು ಬಂದಿದ್ದು ನೀನು ಪಕ್ಕದಲ್ಲಿದ್ದೆ ಅಂತ ಕಣೇ," ಎಂದಳು. "ನನ್ನ ಕೈಯೇ ಸರಿಯಿಲ್ಲ, ಬಿಡು."

ಟೀಚರ್ ಪ್ರೂಫ್ ಕಿತ್ತುಕೊಂಡರು. ಎಂಟು ಚಿತ್ರಗಳು ನಾಲ್ಕಾಗಿದ್ದವು. ಮೊದಲನೆಯದರಲ್ಲಿ ಎರಡು ಪೆಟ್ಟಿಗೆ. ಎರಡನೆಯದರಲ್ಲಿ ಆಗಲೇ ಕತ್ತು, ಕೈಕಾಲು ಎಲ್ಲ ಮೊಳೆತಿದ್ದವು. ಒದ್ದೆ ಕೂದಲನ್ನು ಹಾಗೇ ಗಂಟು ಹಾಕಿಕೊಂಡು ಅವರು ಬಸ್ಸು ಹತ್ತಿದರು.

ಅಚ್ಚುಕೂಟದ ಮಹಡಿಯಲ್ಲಿ, ಪುಸ್ತಕ ಪ್ರಕಟಿಸುತ್ತಿದ್ದ ಯಜಮಾನರು ಕಡತ ನೋಡುತ್ತಿದ್ದರು.

"ನನ್ನ ನಾಲ್ಕು ಚಿತ್ರ ಎಲ್ಲಿ?"

"ಕೂತ್ಕೊಳ್ಳಿ ಮೇಡಂ. ಮೊದಲು ನೀರು ಕುಡೀರಿ."

"ನಮ್ಮನೇಲೂ ನೀರಿದೆ. ಚಿತ್ರ ಎಲ್ಲಿ?"

ಕಂಪ್ಯೂಟರಿನ ಹಿಂದಿನಿಂದ ಪುಟ ವಿನ್ಯಾಸ ಮಾಡುವ ಹೆಂಗಸು ಎದ್ದು ನಿಂತಳು. ಚಿತ್ರಕಲೆಯಲ್ಲಿ ಪದಕ ಪಡೆದವಳು. "ತೆಗೆದಿದ್ದು ನಾನೇ ಮೇಡಂ. ಒಂದೇ ಚಿತ್ರ ಎರಡೆರಡು ಸಲ ಬಂದಿದೆ, ಕೈತಪ್ಪಿ ಸೇರಿರಬೇಕು ಅಂದ್ಕೊಂಡೆ. ಮೂರಕ್ಕೂ ನಾಲ್ಕಕ್ಕೂ ವ್ಯತ್ಯಾಸವೇ ಕಾಣಲಿಲ್ಲ."

"ಮೂರರಲ್ಲಿ ಅಳತೆಗೆ ಎಳೆದ ನಡುಗೆರೆ ಇದೆ. ನಾಲ್ಕರಲ್ಲಿ ಅದನ್ನ ಅಳಿಸಿದೆ. ಹಾಕಿದ ಗೆರೇನ ಅಳಿಸಬಹುದು ಅನ್ನೋದನ್ನೂ ಕೆಲವರಿಗೆ ಹೇಳಿಕೊಡಬೇಕಮ್ಮ."

"ಆದ್ರೆ ಇಲ್ಲಿ ಬಿಡಿಸಿ ನೋಡಿದ್ವಿ. ಎಲ್ಲರಿಗೂ ಬಂತು."

"ಎಲ್ಲರೂ ಅಂದ್ರೆ ಯಾರು?"

"ನಮ್ಮ ವಿಭಾಗದ ಆರ್ಟಿಸ್ಟ್‌ಗಳು."

"ಈಜು ಬರೋರನ್ನ ಬಾವಿಗಿಳಿಸಿ, ಇಲ್ಲಿ ಆಳವೇ ಇಲ್ಲ ಅಂದ ಹಾಗಾಯ್ತು."

ಯಜಮಾನರು ನಕ್ಕರು. "ಎಂಟು ಹಾಕಿದ್ರೆ ಇನ್ನೊಂದು ಪುಟ ಬೇಕು. ಎಲ್ಲಿಂದ ತರಲಿ? ಅಷ್ಟಕ್ಕೂ ರೋಬೋಟು ಮೇಡಂ. ನಾಲ್ಕು ಡಬ್ಬ ಜೋಡಿಸಿದ್ರೆ ಮುಗೀತು."

"ಹಾಗಾದ್ರೆ ಜೋಡಿಸಿ," ಎಂದು ಟೀಚರ್ ಅವರ ಕೈಗೆ ಪೆನ್ಸಿಲ್ ತುರುಕಿದರು.

ಪೆಟ್ಟಿಗೆಗಳೆರಡು ಸಲೀಸಾಗಿ ಬಂದವು. ಎರಡನೆಯ ಚಿತ್ರಕ್ಕೆ ಬರುವಷ್ಟರಲ್ಲಿ ಕತ್ತು ಹೆಗಲಿಗೆ ಜಾರಿತು, ಒಂದು ಕೈ ಹೊಟ್ಟೆಯಿಂದ ಹೊರಟಿತು. ಯಜಮಾನರು ಪೆನ್ಸಿಲ್ ಮೊಂಡಾಗಿದೆ ಎಂದರು, ಹೆರೆದು ಕೊಟ್ಟದ್ದಾಯಿತು. ಹಾಳೆ ಸರಿಯಿಲ್ಲ ಎಂದರು. ಬೇರೆ ಹಾಳೆ ಬಂತು. ಅಷ್ಟರಲ್ಲಿ ಬೈಂಡಿಂಗಿನ ಹೆಂಗಸರು ಬಾಗಿಲಲ್ಲಿ ಗುಂಪು ಕಟ್ಟಿದ್ದರು.

"ಯಜಮಾನ್ರೇ, ಅದು ರೋಬೋಟಾ, ನಮ್ಮ ಕೆಟ್ಟುಹೋದ ಮಷೀನಾ?" ಎಂದಳು ಒಬ್ಬಳು.

ಯಜಮಾನರು ಪೆನ್ಸಿಲ್ ಎಸೆದರು. "ನನ್ನ ಕೈ ಚಿಕ್ಕಂದಿನಿಂದ್ಲೂ ಸರಿಯಿಲ್ಲ, ಬಿಡಿ ಅತ್ಲಾಗೆ."

ಆ ಮಾತಿಗೆ ಟೀಚರ್ ಮೈ ಉರಿದುಹೋಯಿತು. ಬೆಳಿಗ್ಗೆ ಮನೆಯಲ್ಲಿ ಕೇಳಿದ್ದೂ ಅದನ್ನೇ.

"ನಿಮ್ಮ ಕೈಗೆ ಏನೂ ಆಗಿಲ್ಲ. ಅರ್ಧ ಮೆಟ್ಟಿಲು ಕಿತ್ತು, ಹತ್ತಲಾರದವರನ್ನ ಕುಂಟರು ಅಂತೀರಿ. ಇದರ ಮೇಲೆ ನನ್ನ ಹೆಸರು ಬೇಡ. ಮೂಲ ಹಾಳೆ ಅಷ್ಟೂ ವಾಪಸ್ ಕೊಡಿ. ಇಲ್ಲಾ, ಮೊದಲ ಪುಟ ತೆಗೆದು ಆ ಜಾಗ ಕೊಡಿ."

ಮೊದಲ ಪುಟದಲ್ಲಿ ಪ್ರಕಾಶಕರ ಮಾತು ಇತ್ತು, ಜೊತೆಗೆ ಕೋಟು ಹಾಕಿಕೊಂಡ ಯಜಮಾನರ ಫೋಟೋ.

"ನನ್ನ ಫೋಟೋ ತೆಗೆದು ಈ ಡಬ್ಬಾನ ಹಾಕ್ಬೇಕಾ?"

"ನಿಮ್ಮ ಮುಖ ನೋಡಿ ಯಾರಿಗೂ ಗೆರೆ ಬರಲ್ಲ."

ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ಶಾಲೆಗಳು ಪುಸ್ತಕ ಕೇಳಿದ್ದು ಟೀಚರ್ ಹೆಸರು ನೋಡಿ. ಯಜಮಾನರಿಗೆ ಅದು ಗೊತ್ತಿಲ್ಲದ್ದಲ್ಲ. ಪುಟ ವಿನ್ಯಾಸದ ಹೆಂಗಸಿನ ಕಡೆ ತಿರುಗಿದರು.

"ತೆಗಿಯಮ್ಮ ಆ ಫೋಟೋನ. ಎಂಟೂ ಹಾಕು," ಎಂದರು ಕೊನೆಗೆ. "ಏನು ಹಠಮಾರಿ ಹೆಂಗಸಪ್ಪಾ," ಎಂದು ಕೇಳಿಸುವ ಹಾಗೇ ಗೊಣಗಿದರು.

"ದೊಡ್ಡದಾಗಿ ಹಾಕಮ್ಮ," ಎಂದರು ಟೀಚರ್. "ಅಂಚೆಚೀಟಿ ಮಾಡಿಡಬೇಡ."

ನಾಲ್ಕನೆಯ ದಿನ ಹೊಸ ಪ್ರೂಫ್ ಬಂತು. ಎಂಟೂ ಇದ್ದವು. ಆದರೆ ಆ ನಾಲ್ಕು ದಿನದಲ್ಲಿ ಅಕ್ಕ ಪೆನ್ಸಿಲಿನ ಕಡೆ ತಿರುಗಿಯೂ ನೋಡಿರಲಿಲ್ಲ.

"ಗೆದ್ದೆಯಲ್ಲ, ಸಾಕು," ಎಂದಳು. "ನನ್ನನ್ನ ನನ್ನ ಪಾಡಿಗೆ ಬಿಡು."

ಟೀಚರ್ ಸಮಾಧಾನ ಹೇಳುವ ಜಾತಿಯವರಲ್ಲ. ಯಜಮಾನರ ಮೇಲಿನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಈಗ ಅಕ್ಕನ ಮೇಲೂ ಬಂತು, ಎಂದೋ ಸತ್ತುಹೋದ ಆ ಮೇಷ್ಟರ ಮೇಲೂ ಬಂತು. ಪ್ರೂಫನ್ನು ಮೇಜಿನ ಮೇಲೆ ಬಡಿದಿಟ್ಟರು.

"ನಾನು ಪಕ್ಕದಲ್ಲಿ ಇರಲ್ಲ. ಬಂದ್ರೆ ನಿನ್ನ ಕೈಯಿಂದಲೇ ಬಂದ ಹಾಗೆ. ಬರದಿದ್ರೆ ನನ್ನ ಪಾಠದ್ದೇ ತಪ್ಪು, ಇನ್ನೊಂದು ಸಲ ಹೋಗಿ ಜಗಳ ಆಡ್ತೀನಿ."

ಅಡುಗೆಮನೆಗೆ ಹೋಗಿ, ತೊಳೆದಿದ್ದ ಪಾತ್ರೆಗಳನ್ನೇ ದಡಬಡ ಸದ್ದು ಮಾಡುತ್ತಾ ಮತ್ತೆ ತೊಳೆದರು.  ಆಮೇಲೆ ಹೊರಗೆ ಕುರ್ಚಿ ಎಳೆದ ಸದ್ದಾಯಿತು. ಟೀಚರ್ ಪಾತ್ರೆಗಳನ್ನು ಒಂದೊಂದಾಗಿ ಒರೆಸಿಟ್ಟರು.

"ಮೂರನೇದು ಆಯ್ತು. ರಬ್ಬರ್ ಎಲ್ಲಿಟ್ಟಿದೀಯೇ?" ಎಂದು ಅಕ್ಕ ಕೂಗಿದಳು.

"ಕಣ್ಣೆದುರಿಗೇ ಇದೆ, ನೆಟ್ಟಗೆ ನೋಡು," ಎಂದು ಟೀಚರ್ ಒಳಗಿನಿಂದಲೇ ಗದರಿದರು. ಹೊರಗೆ ಬರಲಿಲ್ಲ.